ಚಾಲೂ ಮಾಡದೆ ಏಳು ವರ್ಷ

ಸಿಂಧನೂರಿನ ಒಂದು ಮೋಟಾರ್‌ಸೈಕಲ್ ಶೋರೂಮಿನಲ್ಲಿ ನಾನು ಏಳು ವರ್ಷ ಕೆಲಸ ಮಾಡಿದೆ. ಎಷ್ಟೋ ಗಾಡಿಗಳು ನನ್ನ ಕಣ್ಣೆದುರು ಬಂದು ಹೋದವು. ಒಂದನ್ನೂ ನಾನು ಚಾಲೂ ಮಾಡಲಿಲ್ಲ. ನನಗೆ ಗಾಡಿ ಓಡಿಸಲು ಬರುವುದಿಲ್ಲ, ಲೈಸೆನ್ಸೂ ಇಲ್ಲ. ಆದರೆ ನಿಂತ ಗಾಡಿಯನ್ನು ಎಂಜಿನ್ ಚಾಲೂ ಮಾಡದೆ, ಗೀರು ಬೀಳದಂತೆ, ಯಾರ ಕಾಲೂ ಮುರಿಯದಂತೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದು ಹೇಗೆಂದು ಬಲ್ಲೆ. "ಯಾರ ಕಾಲೂ ಮುರಿಯದಂತೆ" ಎಂದು ಬರೆಯುವ ಹಕ್ಕು ನನಗೆ ಪೂರ್ತಿಯಾಗಿ ಇಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಹೋದ ತಿಂಗಳು ಕೆಲಸ ಬಿಟ್ಟೆ. ಕಾರಣ ನನ್ನ ಮನೆಗೆ ಸಂಬಂಧಿಸಿದ್ದು, ಇಲ್ಲಿ ಬೇಕಿಲ್ಲ. ನಿವೃತ್ತಿ ಎನ್ನುವಷ್ಟು ವಯಸ್ಸು ನನಗಾಗಿಲ್ಲ. ಆದರೂ ಮತ್ತೆ ಆ ಕೆಲಸಕ್ಕೆ ಹೋಗುವುದಿಲ್ಲ ಎನ್ನುವುದು ಖಚಿತವಾದ್ದರಿಂದ ಬರೆಯಲು ಕುಳಿತಿದ್ದೇನೆ. ನನ್ನ ಜಾಗಕ್ಕೆ ಬರುವವರಿಗೆ ಒಂದು ಫೈಲು ಸಿಗುತ್ತದೆ. ಅದರಲ್ಲಿ ನಿಯಮಗಳೆಲ್ಲ ಇವೆ. ಆ ನಿಯಮಗಳು ಯಾಕೆ ಬಂದವು ಎನ್ನುವುದು ಅದರಲ್ಲಿಲ್ಲ.

ಕೆಲಸ ಹೀಗಿತ್ತು. ಕಂಪನಿಯ ಲಾರಿ ಮಸ್ಕಿ ರಸ್ತೆಯಲ್ಲಿರುವ ನಮ್ಮ ಗೋಡೌನಿಗೆ ಹೊಸ ಗಾಡಿಗಳನ್ನು ತಂದು ಇಳಿಸುತ್ತದೆ. ಅಲ್ಲಿಂದ ಕೆಲವು ಸಿಂಧನೂರಿನ ಶೋರೂಮಿಗೆ, ಕೆಲವು ಲಿಂಗಸುಗೂರು ಮತ್ತು ಮಸ್ಕಿಯ ನಮ್ಮ ಶಾಖೆಗಳಿಗೆ ಹೋಗಬೇಕು. ಅಷ್ಟೂ ಗಾಡಿಗಳಿಗೆ ನೋಂದಣಿ ಆಗಿರುವುದಿಲ್ಲ. ನಂಬರ್ ಬಂದು, ಪ್ಲೇಟು ಕೂತ ಮೇಲೆಯೇ ಗಾಡಿ ರಸ್ತೆಗೆ ಇಳಿಯಬೇಕು. ಅಲ್ಲಿಯವರೆಗೆ ಅದು ಟಂಟಂ ಎನ್ನುವ ಮೂರು ಗಾಲಿಯ ಸಾಗಣೆ ವಾಹನದಲ್ಲಿ ಸರಕಿನ ಹಾಗೆ ಹೋಗಬೇಕು, ಇಲ್ಲವೇ ಮನುಷ್ಯರ ಕೈಯಲ್ಲಿ ನಡೆಯಬೇಕು. ಯಾವ ಗಾಡಿ ಎಲ್ಲಿದೆ, ಯಾವ ಟಂಟಂನಲ್ಲಿ ಹೋಯಿತು, ಯಾವ ಸ್ಥಿತಿಯಲ್ಲಿ ಮುಟ್ಟಿತು ಎಂದು ನೋಡಿಕೊಳ್ಳುವುದು ನನ್ನ ಹೊಣೆ.

ಎಂ.ಕಾಂ. ಮುಗಿಸಿ ಕಲಬುರಗಿಯಿಂದ ಬಂದವಳು ನಾನು. ಕಂಪ್ಯೂಟರಿನ ಮುಂದೆ ಕುಳಿತು ಮಾಡುವ ಕೆಲಸ ಎಂದುಕೊಂಡಿದ್ದೆ. ಮೊದಲ ದಿನವೇ ಮ್ಯಾನೇಜರ್ ಪಂಪಾಪತಿ ಸರ್ ನನ್ನನ್ನು ಗೋಡೌನಿಗೆ ಕಳಿಸಿ, "ಹುಸೇನಪ್ಪ ಅದಾನ, ಅಂವ ಹೇಳಿದ್ದು ಕೇಳ್ರಿ" ಎಂದರು.

ಹುಸೇನಪ್ಪ ಗೋಡೌನಿನ ಹಳೆಯ ಆಳು. ಮಸ್ಕಿಯವನು. ವಯಸ್ಸು ಐವತ್ತು ದಾಟಿತ್ತು. ಗಿಡ್ಡ, ಗಟ್ಟಿ ಮುಂಗೈ, ಹೆಗಲ ಮೇಲೆ ಸದಾ ಒಂದು ಒರೆಸುವ ಅರಿವೆ. ನಾನು ಒಳಗೆ ಕಾಲಿಟ್ಟಾಗ ಅವನು ಒಂದು ಗಾಡಿಯನ್ನು ಎರಡು ಸಾಲಿನ ನಡುವಿನ ಇಕ್ಕಟ್ಟಿನಲ್ಲಿ ಹಿಂದಕ್ಕೆ ತರುತ್ತಿದ್ದ. ಎರಡೂ ಕಡೆ ಅಂಗೈ ಅಗಲ ಜಾಗವಿತ್ತು. ಎಲ್ಲೂ ತಾಗಲಿಲ್ಲ.

"ಗಾಡಿ ಬರ್ತದೇನ್ರೀ?" ಎಂದ.

"ಇಲ್ಲ."

"ಚಲೋ ಆತು. ಬರವ್ರಿಗೆ ಕಲಸೂದು ಭಾಳ ಕಷ್ಟ. ಚಾವಿ ಕಂಡ್ರ ಸಾಕು, ಕೈ ತಡಿಯೂದಿಲ್ಲ ಅವ್ರಿಗೆ."

ಅವನು ಆ ವಾರ ಕಲಿಸಿದ್ದನ್ನು ನಾನು ಪುಸ್ತಕದಲ್ಲಿ ಬರೆದುಕೊಂಡೆ. ಈಗಲೂ ಅದಕ್ಕಿಂತ ಸ್ಪಷ್ಟವಾಗಿ ಹೇಳಲಾರೆ.

ಗಾಡಿಯ ಎಡಕ್ಕೆ ನಿಲ್ಲಬೇಕು. ಓರೆ ಸ್ಟ್ಯಾಂಡು ಇರುವುದು ಆ ಕಡೆ. ಗಾಡಿ ಎಡಕ್ಕೆ ವಾಲಿದರೆ ನಮ್ಮ ಸೊಂಟಕ್ಕೆ ಆತುಕೊಳ್ಳುತ್ತದೆ, ಹಿಡಿಯಬಹುದು. ಬಲಕ್ಕೆ ವಾಲಿದರೆ ಹಿಡಿಯುವವರಿಲ್ಲ. ಆದ್ದರಿಂದ ಸದಾ ಕೂದಲೆಳೆಯಷ್ಟು ನಮ್ಮ ಕಡೆಗೇ ವಾಲಿರಬೇಕು. ಚಾವಿ ಹಾಕಿ ಹ್ಯಾಂಡಲ್ ಲಾಕ್ ತೆಗೆಯಬೇಕು, ಆದರೆ ಚಾವಿಯನ್ನು ಚಾಲೂ ಕಡೆಗೆ ತಿರುಗಿಸಬಾರದು. ಹೊಸ ಗಾಡಿಯ ಬ್ಯಾಟರಿಗೆ ವೈರು ಹಾಕಿರುವುದಿಲ್ಲ, ಹಾಗಾಗಿ ನ್ಯೂಟ್ರಲ್ ಆಗಿದೆ ಎಂದು ತೋರಿಸುವ ಹಸಿರು ದೀಪ ಹತ್ತುವುದಿಲ್ಲ. ಗಾಡಿಯನ್ನು ಒಂದು ಗೇಣು ಹಿಂದೆ ಮುಂದೆ ಆಡಿಸಿಯೇ ತಿಳಿಯಬೇಕು. ಕಣ್ಣು ಗಾಲಿಯ ಮೇಲೆ ಇರಬಾರದು, ಹೋಗುವ ಜಾಗದ ಮೇಲೆ ಇರಬೇಕು.

ಬ್ರೇಕಿನ ವಿಷಯ ಎಲ್ಲಕ್ಕಿಂತ ಮುಖ್ಯ. ಹಿಂದಿನ ಬ್ರೇಕು ಬಲಗಾಲಿನದು. ಕೆಳಗೆ ನಿಂತು ತಳ್ಳುವವನಿಗೆ ಅದು ಎಟುಕುವುದಿಲ್ಲ. ಅವನಿಗಿರುವುದು ಮುಂದಿನ ಬ್ರೇಕು ಒಂದೇ. ಬಲಗೈಯ ಎರಡು ಬೆರಳು ಯಾವಾಗಲೂ ಅದರ ಮೇಲಿರಬೇಕು. ಇಳಿಜಾರಿದ್ದರೆ ಫಸ್ಟ್ ಗೇರಿಗೆ ಹಾಕಿ ಎಡಗೈಯಲ್ಲಿ ಕ್ಲಚ್ ಹಿಡಿದು ನಡೆಯಬೇಕು. ಬ್ರೇಕು ಕೈಕೊಟ್ಟರೆ ಕ್ಲಚ್ ಬಿಟ್ಟರಾಯಿತು, ಸತ್ತ ಎಂಜಿನ್ನೇ ಗಾಲಿಯನ್ನು ಹಿಡಿದು ನಿಲ್ಲಿಸುತ್ತದೆ.

"ಚಾಲೂ ಇರೂ ಗಾಡಿ ಸದ್ದು ಮಾಡಿ ಹೇಳ್ತದ, ನಾ ಬರಾಕತ್ತೀನಿ ಅಂತ," ಎಂದಿದ್ದ ಹುಸೇನಪ್ಪ. "ಬಂದ್ ಇರೂ ಗಾಡಿ ಸುಮ್ಮನ ಬರ್ತದರೀ. ಎದುರು ನಿಂತವ್ರಿಗೆ ತಿಳಿಯೂದಿಲ್ಲ."

ನನ್ನ ಮೊದಲ ದೊಡ್ಡ ತಪ್ಪು ಎರಡನೆಯ ತಿಂಗಳಲ್ಲಿ ಆಯಿತು. ಮಸ್ಕಿ ಶಾಖೆಗೆ ಆರು ಗಾಡಿ ಹೋಗಬೇಕಿತ್ತು. ಹುಸೇನಪ್ಪ ಅವನ್ನು ಹಲಗೆಯ ಮೇಲಿಂದ ಎರಡು ಟಂಟಂಗೆ ಏರಿಸಿ, ಮುಂದಿನ ಫೋರ್ಕಿಗೆ ಹಗ್ಗ ಬಿಗಿದು, ಊಟಕ್ಕೆ ಹೋದ. ಗಾಡಿಗಳ ಹ್ಯಾಂಡಲ್ ಅಲ್ಲಾಡಿ ಒಂದಕ್ಕೊಂದು ತಾಗಬಹುದು ಎಂದು ನನಗೆ ಅನ್ನಿಸಿತು. ಹಗ್ಗ ಬಿಗಿದ ಮೇಲೆ ಅವು ಅಲ್ಲಾಡುವುದಿಲ್ಲ ಎಂದು ಆಗ ಗೊತ್ತಿರಲಿಲ್ಲ. ಹಗ್ಗಗಳನ್ನು ಸಡಿಲಿಸಿ, ಒಂದೊಂದೇ ಹ್ಯಾಂಡಲನ್ನು ಎಡಕ್ಕೆ ತಿರುಗಿಸಿ ಲಾಕ್ ಮಾಡಿ, ಮತ್ತೆ ಬಿಗಿಸಿದೆ. ಆರೂ ಚಾವಿಗಳಿಗೆ ಚೀಟಿ ಅಂಟಿಸಿ, ಕವರಿನಲ್ಲಿ ಹಾಕಿ, ಭದ್ರವಾಗಿ ನನ್ನ ಮೇಜಿನ ಡ್ರಾಯರಿನಲ್ಲಿಟ್ಟೆ. ಊಟ ಮುಗಿಸಿ ಬಂದ ಹುಸೇನಪ್ಪನನ್ನು ಹತ್ತಿಸಿಕೊಂಡು ಟಂಟಂಗಳು ಹೋದವು.

ಮಧ್ಯಾಹ್ನ ಮಸ್ಕಿಯಿಂದ ಹುಸೇನಪ್ಪನ ಫೋನು ಬಂತು.

"ಮೇಡಂ, ಚಾವಿ ಎಲ್ಲಿ ಅದಾವ್ರಿ?"

"ಇಲ್ಲೇ ಇವೆ. ಸುರಕ್ಷಿತವಾಗಿವೆ."

"ಅವು ಸುರಕ್ಷಿತ ಅದಾವು. ನಾವು ಇಲ್ಲಿ ಬಿಸಲಾಗ ಅದೀವಿ" ಎಂದ.

ಹ್ಯಾಂಡಲ್ ಲಾಕ್ ಆದ ಗಾಡಿ ನೇರ ಹೋಗುವುದಿಲ್ಲ, ಗಾಣದೆತ್ತಿನ ಹಾಗೆ ಸುತ್ತುತ್ತದೆ. ಹಲಗೆಯ ಮೇಲೆ ಇಳಿಸಲು ಸಾಧ್ಯವೇ ಇಲ್ಲ. ಅಂದು ಮಸ್ಕಿಯಲ್ಲಿ ಸಂತೆ. ಸಂತೆಗೆ ಬಂದಿದ್ದ ನಾಲ್ಕು ಜನರನ್ನು ಕರೆದು, ಆರೂ ಗಾಡಿಗಳನ್ನು ಒಂದೊಂದಾಗಿ ಎತ್ತಿಕೊಂಡು ಇಳಿಸಿದ್ದರು. ಮರುದಿನ ಗೋಡೌನಿಗೆ ಬಂದ ಹುಸೇನಪ್ಪ ಎಲ್ಲರ ಮುಂದೆ ಹೇಳಿದ: "ನಿನ್ನಿ ಗಾಡಿ ಇಳಸಲಿಲ್ಲರೀ, ಮದಲಗಿತ್ತಿ ಇಳಸಿದಂಗ ಇಳಸೀವಿ. ಆರು ಮದಲಗಿತ್ತ್ಯಾರು. ಒಬ್ಬಾಕಿನೂ ಮಾರಿ ತಿರುಗಿಸವಲ್ಲಳು."

ಮದುಮಗಳ ಹೋಲಿಕೆಗೆ ಎಲ್ಲರೂ ನಕ್ಕರು. ನಾನು ನಗಲಿಲ್ಲ. ಫೈಲು ತೆರೆದು "ಚಾವಿ ಗಾಡಿಯೊಂದಿಗೇ ಹೋಗಬೇಕು, ಹ್ಯಾಂಡಲ್ ಲಾಕ್ ತೆಗೆದಿರಬೇಕು" ಎಂದು ಬರೆದೆ. ಅದು ಫೈಲಿನಲ್ಲಿ ನಾನು ಬರೆದ ಮೊದಲ ನಿಯಮ.

ಆ ಫೈಲಿನಲ್ಲಿರುವ ಇನ್ನೊಂದು ನಿಯಮ ನನಗಿಂತ ಹಳೆಯದು. "ನಂಬರ್ ಇಲ್ಲದ ಗಾಡಿಯನ್ನು ಗೋಡೌನಿನಿಂದ ಶೋರೂಮಿಗೆ ಸಹ ಓಡಿಸಬಾರದು." ಹಿಂದೆ ಎಲ್ಲರೂ ಓಡಿಸುತ್ತಿದ್ದರಂತೆ. ಗೋಡೌನಿನಿಂದ ಶೋರೂಮಿಗೆ ಹತ್ತು ನಿಮಿಷ. ಟಂಟಂ ಕರೆಸಿ, ಏರಿಸಿ, ಕಟ್ಟಿ, ಇಳಿಸುವಷ್ಟರಲ್ಲಿ ಒಂದು ತಾಸು. ಸೇಲ್ಸ್‌ನವರಿಗೆ ಇದು ಸದಾ ಕಿರಿಕಿರಿ. ಆ ನಿಯಮವನ್ನು ಬಿಡದೆ ಉಳಿಸಿಕೊಂಡು ಬಂದವನು ಹುಸೇನಪ್ಪ. ಯಾಕೆಂದು ಒಮ್ಮೆ ಕೇಳಿದೆ. ಅವನು ಗಾಡಿ ಒರೆಸುತ್ತಲೇ ಹೇಳಿದ.

"ನನ್ನ ಜೋಡಿ ಒಬ್ಬಂವ ಇದ್ದ. ಹಿಂಗ ಪಾಸಿಂಗ್ ಆಗದ ಗಾಡಿ ತಗೊಂಡು ಚಾ ಕುಡ್ಯಾಕ ಹೋದ. ಒಂದು ಮುದುಕಿಗೆ ಬಡದ. ಆಕಿಗೆ ವಿಮಾ ಸಿಗಲಿಲ್ಲ, ಇಂವಗ ಕೆಲಸ ಉಳಿಲಿಲ್ಲ. ಗಾಡಿಗೆ ನಂಬರ್ ಇದ್ರ ತಾನ ಯಾರದಂತ ಹೇಳೂದು? ಅವತ್ತಿಂದ ನಾ ಚಾವಿ ಕೊಡೂದಿಲ್ಲ. ಪಂಪಾಪತಿ ಸಾಹೇಬ್ರು ಬಂದ್ರೂ ಕೊಡೂದಿಲ್ಲ."

ಪಂಪಾಪತಿ ಸರ್ ಕೆಟ್ಟ ಮನುಷ್ಯರಲ್ಲ. ಬೈದರೆ ಅರ್ಧ ತಾಸಿನಲ್ಲಿ ಚಹಾ ತರಿಸುವವರು. ಆದರೆ ಮೇಲಿನವರು ದಿನಕ್ಕೆ ಎಷ್ಟು ಗಾಡಿ ಹೋದವು ಎಂದು ಅವರನ್ನು ಕೇಳುತ್ತಿದ್ದರು, ಹೇಗೆ ಹೋದವು ಎಂದು ಕೇಳುತ್ತಿರಲಿಲ್ಲ. ಹಬ್ಬ ಬಂದರೆ ಅವರೂ ಹುಸೇನಪ್ಪನೂ ಎದುರಾಗುತ್ತಿದ್ದರು. "ಒಂದ ದಿನ ಬಿಡೋ ಮಾರಾಯ" ಎಂದು ಇವರು, "ಒಂದ ದಿನ ಸಾಕ್ರೀ ಬೀಳಾಕ" ಎಂದು ಅವನು.

ಹಬ್ಬದ ದಿನಗಳ ಇಕ್ಕಟ್ಟು ಬೇರೆಯೇ. ನಂಬರ್ ಬರುವವರೆಗೆ ಗಾಡಿ ಕೊಡುವಂತಿಲ್ಲ ಎಂದು ಗಿರಾಕಿಗೆ ಹೇಳಿರುತ್ತೇವೆ. ಅವರ ಮನೆಯಲ್ಲಿ ಹಿರಿಯರು ಮುಹೂರ್ತ ತೆಗೆಸಿರುತ್ತಾರೆ. ನೋಂದಣಿಯ ಕಂಪ್ಯೂಟರಿಗೆ ಮುಹೂರ್ತ ತಿಳಿಯುವುದಿಲ್ಲ. ಇದಕ್ಕೆ ಹುಸೇನಪ್ಪನೇ ಒಂದು ದಾರಿ ಹುಡುಕಿದ್ದ. ಮುಹೂರ್ತಕ್ಕೆ ಸರಿಯಾಗಿ ಶೋರೂಮಿನ ಆವರಣದಲ್ಲೇ ಪೂಜೆ ಮಾಡುವುದು. ಗಾಲಿಗೆ ನಿಂಬೆಹಣ್ಣು ಇಟ್ಟು, ಎಂಜಿನ್ ಚಾಲೂ ಮಾಡದೆ, ಅದರ ಮೇಲೆ ಗಾಡಿಯನ್ನು ತಳ್ಳಿಕೊಂಡು ಹತ್ತಾರು ಹೆಜ್ಜೆ ನಡೆಸುವುದು. ನಂಬರ್ ಬಂದ ದಿನ ಬಂದು ಓಡಿಸಿಕೊಂಡು ಹೋಗುವುದು. "ಗಾಲಿ ತಿರುಗಿದ್ರ ಮುಹೂರ್ತ ಆತು ತಿಳ್ಕೋರಿ" ಎಂದು ಅವನು ಹಿರಿಯರನ್ನು ಒಪ್ಪಿಸುತ್ತಿದ್ದ. ಅವರು ಒಪ್ಪುತ್ತಿದ್ದರು. ಹೇಳುವ ರೀತಿ ಹಾಗಿತ್ತು.

ಐದನೆಯ ವರ್ಷ, ಬಸವ ಜಯಂತಿಯ ದಿನ. ಲಿಂಗಸುಗೂರು ಶಾಖೆಯಲ್ಲಿ ಏಳು ಪೂಜೆಗಳಿದ್ದವು. ಅಲ್ಲಿಯ ಹೊಣೆಯೂ ಆಗ ನನಗೇ ಇದ್ದುದರಿಂದ ನಾನೂ ಹುಸೇನಪ್ಪನೂ ಬೆಳಿಗ್ಗೆಯೇ ಹೋಗಿದ್ದೆವು. ಅಲ್ಲಿಯ ಆವರಣ ಸಿಂಧನೂರಿನ ಹಾಗೆ ಸಪಾಟಲ್ಲ. ಶೋರೂಮಿನ ಬಾಗಿಲಿನಿಂದ ಗೇಟಿನವರೆಗೆ ಇಳಿಜಾರು. ಬಲಬದಿಗೆ ಬೇವಿನ ಮರಕ್ಕೆ ಕಟ್ಟಿದ ಕಲ್ಲಿನ ಕಟ್ಟೆ.

ಬೆಳಿಗ್ಗೆ ಬಂದ ಕೂಡಲೇ ಹುಸೇನಪ್ಪ ಏಳೂ ಗಾಡಿಗಳ ಬ್ರೇಕು ಹಿಡಿದು ನೋಡಿದ. ಎಲ್ಲ ಸರಿ ಇದ್ದವು. ನಾನು ಪಟ್ಟಿಯಲ್ಲಿ ಗುರುತು ಹಾಕಿದೆ.

ನಾಲ್ಕನೆಯ ಗಾಡಿ ಮುದಗಲ್ಲಿನ ವೆಂಕೋಬ ಎಂಬುವವರದು. ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. ಅವರ ತಾಯಿ ಶಂಕ್ರಮ್ಮ ಆರತಿಯ ತಟ್ಟೆ, ತೆಂಗಿನಕಾಯಿ, ಮಾವಿನ ಎಲೆ ಎಲ್ಲ ತಂದಿದ್ದರು. ಅರಿಶಿನ ಹಚ್ಚಿದ ದಾರದ ಉಂಡೆಯೊಂದನ್ನು ನನ್ನ ಕೈಗಿಟ್ಟರು.

"ಹ್ಯಾಂಡಲಕ್ಕ ಎಲಿ ಕಟ್ಟವ್ವ. ನನ್ನ ಕಣ್ಣು ಹರಿಯಂಗಿಲ್ಲ. ನಿನ್ನಂಥ ಹುಡುಗಿ ಕೈಲೆ ಕಟ್ಟಿದ್ರ ಚಲೋ."

ನಾನು ಪೂಜೆಯ ಕೆಲಸಕ್ಕೆ ಸಾಮಾನ್ಯವಾಗಿ ಕೈ ಹಾಕುವುದಿಲ್ಲ. ಅಂದು ಇಲ್ಲ ಎನ್ನಲಾಗಲಿಲ್ಲ. ಮಾವಿನ ಎಲೆಗಳನ್ನು ಬಲಗಡೆಯ ಹಿಡಿಕೆಗೆ ಇಟ್ಟು ದಾರ ಸುತ್ತಿದೆ. ಹಿಡಿಕೆ ನುಣುಪಾಗಿತ್ತು, ಎಲೆಗಳು ಜಾರುತ್ತಿದ್ದವು. ಜಾರದಿರಲಿ ಎಂದು ಮುಂದಿನ ಬ್ರೇಕಿನ ಸರಳನ್ನೂ ಸೇರಿಸಿ ಮೂರು ಸುತ್ತು ಹಾಕಿ ಗಂಟು ಬಿಗಿದೆ. ಸರಳು ಮತ್ತು ಹಿಡಿಕೆಯ ನಡುವಿನ ಜಾಗದಲ್ಲಿ ಎಲೆಗಳು ಮಡಚಿ ತುಂಬಿಕೊಂಡವು. ಅಚ್ಚುಕಟ್ಟಾಗಿ ಕಂಡಿತು. ಆ ಸರಳು ಏನೆಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಐದು ವರ್ಷದಿಂದ ಎಲ್ಲರಿಗೂ ಅದನ್ನೇ ಹೇಳಿಕೊಡುತ್ತಿದ್ದೆ.

ಹುಸೇನಪ್ಪ ಮೂರನೆಯ ಗಾಡಿಯನ್ನು ಒಳಗೆ ನಿಲ್ಲಿಸಿ ಬಂದ. ಒಡೆಯನ ಕೈ ಹ್ಯಾಂಡಲ್ ಮೇಲೆ ಇರಲೇಬೇಕು ಎಂದು ಶಂಕ್ರಮ್ಮ ಪಟ್ಟು ಹಿಡಿದರು. ವೆಂಕೋಬ ಎಡಗಡೆಯ ಹಿಡಿಕೆ ಹಿಡಿದು ಮುಂದೆ ನಿಂತರು. ಅವರ ಹಿಂದೆ ಹುಸೇನಪ್ಪ ಎಡಗೈಯನ್ನು ಸೀಟಿನ ಮೇಲಿಟ್ಟು, ಬಲಗೈಯನ್ನು ಟ್ಯಾಂಕಿನ ಮೇಲಿಂದ ಚಾಚಿ ಬಲ ಹಿಡಿಕೆ ಹಿಡಿದ. ಕ್ಲಚ್ ಅವನ ಕೈಗೆ ಎಟುಕುತ್ತಿರಲಿಲ್ಲ. ಆದ್ದರಿಂದ ಗಾಡಿ ನ್ಯೂಟ್ರಲಿನಲ್ಲಿತ್ತು. ಶಂಕ್ರಮ್ಮ ಆರತಿ ಹಿಡಿದು ಇಳಿಜಾರಿನ ಕೆಳಗೆ ಎದುರಿಗೆ ನಿಂತರು.

ನಿಂಬೆಹಣ್ಣು ಒಡೆದವು. ಎಲ್ಲರೂ ಚಪ್ಪಾಳೆ ತಟ್ಟಿದರು. ಐದಾರು ಹೆಜ್ಜೆಗೆ ಗಾಡಿ ವೇಗ ಹಿಡಿಯಿತು. "ಹಿಡಿರೀ, ಹಿಡಿರೀ" ಎಂದ ಹುಸೇನಪ್ಪ. ವೆಂಕೋಬ ಗಾಬರಿಯಾಗಿ ಕೈಬಿಟ್ಟು ಪಕ್ಕಕ್ಕೆ ಸರಿದರು. ಸದ್ದಿಲ್ಲದ ಗಾಡಿ. ಶಂಕ್ರಮ್ಮ ದೀಪ ಆರದ ಹಾಗೆ ಕೈ ಮರೆಮಾಡಿಕೊಂಡು ತಟ್ಟೆಯನ್ನೇ ನೋಡುತ್ತ ನಿಂತಿದ್ದರು. ಹುಸೇನಪ್ಪ ಹ್ಯಾಂಡಲನ್ನು ಬಲಕ್ಕೆ ಎಳೆದು ಗಾಡಿಯನ್ನು ಕಲ್ಲಿನ ಕಟ್ಟೆಗೆ ಹೊಡೆಸಿದ. ಅದು ತಿರುಗಿ ಅವನ ಎಡಗಾಲಿನ ಮೇಲೆ ಬಿತ್ತು.

ಕೆಲವರು ಅವನನ್ನು ಎತ್ತಿ ಆಸ್ಪತ್ರೆಗೆ ಒಯ್ದರು. ನಾನು ಇನ್ನಿಬ್ಬರೊಂದಿಗೆ ಗಾಡಿ ಎತ್ತಿ ನಿಲ್ಲಿಸಿದೆ. ಬಲ ಹಿಡಿಕೆಯ ಮೇಲೆ ದಾರ ಹಾಗೇ ಇತ್ತು. ಬ್ರೇಕು ಹಿಡಿದು ನೋಡಿದೆ. ಸರಳು ಅಲುಗಲಿಲ್ಲ. ಗಂಟು ಬಿಚ್ಚಿ, ಎಲೆಗಳನ್ನು ಕಟ್ಟೆಯ ಮೇಲಿಟ್ಟು, ದಾರವನ್ನು ನನ್ನ ಚೀಲದೊಳಗೆ ಹಾಕಿಕೊಂಡೆ. ಮತ್ತೆ ಬ್ರೇಕು ಹಿಡಿದೆ. ಈಗ ಸರಿಯಾಗಿ ಹಿಡಿಯಿತು. ಜಾಗ ಸ್ವಚ್ಛ ಮಾಡುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ.

ಪಾದದ ಮೂಳೆ ಮುರಿದಿತ್ತು. ಪ್ಲಾಸ್ಟರ್ ಹಾಕಿ ಮಸ್ಕಿಗೆ ಕಳಿಸಿದರು.

ಮರುದಿನ ಪಂಪಾಪತಿ ಸರ್ ವರದಿ ಕೇಳಿದರು. ನಾನು ಬರೆದೆ: "ತಳ್ಳುವಾಗ ಹಿಡಿತ ತಪ್ಪಿ ಗಾಡಿ ಬಿದ್ದಿದೆ. ಬ್ರೇಕು ಪರೀಕ್ಷಿಸಲಾಗಿದೆ, ದೋಷವಿಲ್ಲ." ಎರಡು ವಾಕ್ಯಗಳಲ್ಲೂ ಒಂದೇ ಒಂದು ಸುಳ್ಳು ಪದವಿಲ್ಲ. ಯಾರ ಹಿಡಿತ ಎಂದು ಬರೆಯಲಿಲ್ಲ. ಬೇಕಾಗಿಯೂ ಇರಲಿಲ್ಲ, ಓದಿದವರು ತಾವೇ ತುಂಬಿಕೊಂಡರು.

"ವಯಸ್ಸಾತು ಅಂವಗ. ಕೈಯಾಗ ಬಿಗಿ ಉಳಿದಿಲ್ಲ," ಎಂದರು ಸರ್. "ಗಿರಾಕಿ ತಾಯಿಗೆ ಬಡದಿದ್ರ ಏನಾಗ್ತಿತ್ತು? ಕಾಲು ನೆಟ್ಟಗಾದ ಮ್ಯಾಲ ಬರೂದು ಬ್ಯಾಡಂತ ಹೇಳಿಬಿಡ್ತೀನಿ. ಈ ತಳ್ಳೂ ಕಾರಭಾರನೂ ಸಾಕು. ಇನ್ನ ಮ್ಯಾಲ ಗೋಡೌನಿಂದ ಸೇಲ್ಸಿನವ್ರ ಓಡಿಸ್ಕೊಂಡ ಬರ್ಲಿ."

ನಾನು ತಲೆ ಆಡಿಸಿದೆ.

ಹದಿನೈದು ದಿನ ಹೀಗೇ ಕಳೆದವು. ಗಾಡಿಗಳ ಚಾವಿ ತೂಗುಹಾಕುವ ಗೋಡೌನಿನ ಚಾವಿ ಹಲಗೆ ಸೇಲ್ಸ್‌ನವರ ಕೈಗೆ ಹೋಯಿತು. ಅವರು ನಂಬರ್ ಇಲ್ಲದ ಗಾಡಿಗಳನ್ನು ಮಸ್ಕಿ ರಸ್ತೆಯ ಮೇಲೆ ಓಡಿಸಿಕೊಂಡು ಬರುವುದನ್ನು ಕಿಟಕಿಯಿಂದ ನೋಡುತ್ತಿದ್ದೆ. ದಾರ ಚೀಲದಲ್ಲೇ ಇತ್ತು. ಬಿಸಾಡಬಹುದಿತ್ತು, ಬಿಸಾಡಲಿಲ್ಲ.

ಒಂದು ಭಾನುವಾರ ಬಸ್ಸು ಹತ್ತಿ ಮಸ್ಕಿಗೆ ಹೋದೆ. ಹುಸೇನಪ್ಪ ಗೋಡೆಗೆ ಆತುಕೊಂಡು ಕಾಲು ಚಾಚಿ ಕೂತಿದ್ದ. ಬಲಗೈಯಲ್ಲಿ ಒಂದು ಸಣ್ಣ ಹಿತ್ತಾಳೆ ಗುಂಡು ಚೆಂಬು. ಅದನ್ನು ಹಿಂಡುವವನಂತೆ ಒತ್ತುತ್ತಿದ್ದ, ಬಿಡುತ್ತಿದ್ದ. ಅವನ ಹೆಂಡತಿ ಹುಲಿಗೆಮ್ಮ ಚಾಪೆ ಹಾಸಿದಳು.

"ಬರ್ರಿ ಮೇಡಂ. ನೋಡ್ರಿ ಇಂವನ ಆಟ. ಹಗಲೆಲ್ಲ ಇದ ಕೆಲಸ. ಚೆಂಬು ಹಿಂಡಿ ಹಾಲು ಕರಿತಾನಂತ."

"ಸುಮ್ನಿರ ನೀ," ಎಂದ ಹುಸೇನಪ್ಪ. ಆಮೇಲೆ ನನ್ನ ಕಡೆ ತಿರುಗಿ, "ಕಾಲಿಂದು ಏನಿಲ್ಲರೀ, ಕೂಡ್ತದ. ಕೈ ಹೋಗ್ಯಾವ ನೋಡ್ರಿ. ಅವತ್ತ ಬ್ರೇಕ್ ಹಿಡಿದೆ. ಪೂರಾ ಜೋರ್ ಹಾಕಿ ಹಿಡಿದೆ. ಕೈ ಬಂದ್ ಆಗವಲ್ಲದು. ನನ್ನ ಬೆರಳು ನಾ ಹೇಳಿದ್ದು ಕೇಳಲಿಲ್ಲ. ಅದ ದಿನಾ ಕಣ್ಣ ಮುಂದ ಬರ್ತದ" ಎಂದ.

"ಡಾಕ್ಟರಿಗೆ ತೋರಿಸಿದಿಯಾ?"

"ಏನಂತ ತೋರಿಸ್ಲಿ? ನೋವಿಲ್ಲ. ಬಾವಿಲ್ಲ. ಸಾಹೇಬ್ರು ಫೋನ್ ಮಾಡಿದ್ರು, ಬರೂದು ಬ್ಯಾಡಂದ್ರು. ಬರೋಬ್ಬರಿ ಅದ ಅವರ ಮಾತು. ಕೈ ಹೋದಂವ ಇಳಿಜಾರಿನ್ಯಾಗ ಗಾಡಿ ಹಿಡೀಬಾರದು."

ಅವನು ನನ್ನನ್ನು ಬೈಯುತ್ತಾನೆ, ಅಥವಾ ಏನಾದರೂ ಕೇಳುತ್ತಾನೆ ಎಂದುಕೊಂಡು ಬಂದಿದ್ದೆ. ಅವನು ತನ್ನ ಕೈಯನ್ನೇ ಅಪರಾಧಿ ಮಾಡಿ ಕೂತಿದ್ದ. ನಾನು ಚೀಲ ತೆರೆದು ದಾರವನ್ನು ಚಾಪೆಯ ಮೇಲಿಟ್ಟೆ. ಅದು ಇನ್ನೂ ಮೂರು ಸುತ್ತಿನ ಆಕಾರದಲ್ಲೇ ಇತ್ತು.

"ಇದನ್ನು ಬ್ರೇಕಿನ ಸರಳಿಗೆ ಸೇರಿಸಿ ಕಟ್ಟಿದ್ದೆ. ನಾನೇ. ನೀನು ಬ್ರೇಕು ನೋಡಿ ಹೋದ ಮೇಲೆ."

ಹುಸೇನಪ್ಪ ದಾರ ತೆಗೆದುಕೊಂಡು ಬೆರಳಿನಿಂದ ಸವರಿದ. ಒಂದು ತುದಿ ಹಿಡಿದು ಎಳೆದು ಗಟ್ಟಿ ಇದೆಯೇ ಎಂದು ನೋಡಿದ. ಚೆಂಬಿನ ಕಂಠಕ್ಕೂ ತನ್ನ ಎರಡು ಬೆರಳಿಗೂ ಸೇರಿಸಿ ಸುತ್ತಿ, ಬೆರಳು ಮಡಚಲು ಪ್ರಯತ್ನಿಸಿದ. ಬಿಚ್ಚಿದ.

"ಹಂಗಾರ ಕೈ ಹೋಗಿಲ್ಲ" ಎಂದ.

ಹೆಂಡತಿಯ ಕಡೆ ನೋಡಿ ಮತ್ತೊಮ್ಮೆ ಹೇಳಿದ: "ಕೈ ಹೋಗಿಲ್ಲಲೇ."

ಹುಲಿಗೆಮ್ಮ ನಗಲಿಲ್ಲ. ಅವಳು ನನ್ನ ಚೀಲವನ್ನೇ ನೋಡುತ್ತಿದ್ದಳು. "ಹದಿನೈದು ದಿನ ಇದರಾಗ ಇಟ್ಕೊಂಡ ತಿರಗ್ಯಾಡಿಯೇನವ್ವ?" ಎಂದಳು. ಸ್ವರ ಏರಿಸಲಿಲ್ಲ. ಅಲ್ಲಿಯವರೆಗೆ ಮೇಡಂ ಎನ್ನುತ್ತಿದ್ದವಳು.

"ಹೌದು" ಎಂದೆ.

"ಓದಿದಾಕಿ ನೀ."

ಅವಳು ಎದ್ದು ಒಳಗೆ ಹೋದಳು. ಚಹಾ ಬಂತು, ತಡವಾಗಿ. ಹುಸೇನಪ್ಪ ಒಂದೇ ಮಾತು ಕೇಳಿದ: "ಬರದು ಕೊಡ್ತೀರೇನ್ರೀ ಇದನ್ನ?" ಕೊಡುತ್ತೇನೆ ಎಂದೆ.

ಮರುದಿನ ಹೊಸ ವರದಿ ಬರೆದೆ. "ಪೂಜೆಯ ದಾರವನ್ನು ನಾನು ಮುಂದಿನ ಬ್ರೇಕಿನ ಸರಳಿಗೆ ಸೇರಿಸಿ ಕಟ್ಟಿದ್ದರಿಂದ ಬ್ರೇಕು ಹಿಡಿಯಲಿಲ್ಲ. ಹುಸೇನಪ್ಪನವರು ಗಾಡಿಯನ್ನು ಕಟ್ಟೆಗೆ ತಿರುಗಿಸಿದ್ದರಿಂದ ಎದುರಿದ್ದವರಿಗೆ ಪೆಟ್ಟಾಗಲಿಲ್ಲ. ನನ್ನ ಮೊದಲಿನ ವರದಿ ಅಪೂರ್ಣವಾಗಿತ್ತು." ಪಂಪಾಪತಿ ಸರ್ ಎರಡು ಸಲ ಓದಿದರು.

"ಇದರಾಗ ನಿಮ್ಮ ಹೆಸರು ಬರ್ತದ. ಮೇಲಿನವ್ರಿಗೆ ಹೋಗ್ತದ."

"ಗೊತ್ತು ಸರ್."

"ಈಗ ಯಾರೂ ಕೇಳಾಕತ್ತಿಲ್ಲಲ್ಲರೀ. ಎಲ್ಲಾ ಮುಗದದ."

"ಅವನ ಕೆಲಸ ಮುಗಿದಿದೆ ಸರ್. ಅದಕ್ಕೇ ಕೊಡುತ್ತಿದ್ದೇನೆ."

ಅವರು ಕಾಗದ ಮಡಚಿದರು, ಬಿಚ್ಚಿದರು. "ಮತ್ತ ಚಾವಿ ಹಲಿಗಿ ಅಂವಗ ಕೊಡಬೇಕಂತೀರಿ. ಮತ್ತ ಒಂದು ತಾಸು ಟಂಟಂ ಕಾಯಬೇಕಂತೀರಿ."

"ಹೌದು ಸರ್."

"ಅಂವ ಒಬ್ಬ ಸಾಲದಂತ ಈಗ ನೀವು ಇಬ್ಬರಾದ್ರಿ" ಎಂದರು. ಸಹಿ ಹಾಕಿದರು. ಚಹಾ ತರಿಸಲಿಲ್ಲ. ಲಿಂಗಸುಗೂರಿನ ಹೊಣೆಯನ್ನು ನನ್ನಿಂದ ತೆಗೆದರು. ಒಂದು ಎಚ್ಚರಿಕೆಯ ಪತ್ರ ಬಂತು. ಅದೂ ಫೈಲಿನಲ್ಲಿದೆ, ತೆಗೆದಿಲ್ಲ.

ಪ್ಲಾಸ್ಟರ್ ತೆಗೆದ ಮೇಲೆ ಹುಸೇನಪ್ಪ ಕೆಲಸಕ್ಕೆ ಬಂದ. ಸ್ವಲ್ಪ ಕುಂಟುತ್ತಿದ್ದ, ಈಗಲೂ ಕುಂಟುತ್ತಾನೆ. ಇಳಿಜಾರಿನಲ್ಲಿ ಅವನು ಹ್ಯಾಂಡಲ್ ಹಿಡಿಯುವುದಿಲ್ಲ. ಹಿಂದೆ ನಿಂತು ಸೀಟಿನ ಸರಳು ಹಿಡಿಯುತ್ತಾನೆ, ಮುಂದಿನವನಿಗೆ ಕೂಗಿ ಹೇಳುತ್ತಾನೆ. ಬಂದ ದಿನವೇ ಚಾವಿ ಹಲಗೆಯನ್ನು ಮತ್ತೆ ಗೋಡೌನಿನ ಗೋಡೆಗೆ ಹೊಡೆದ. ಸೇಲ್ಸ್‌ನವರು ಗೊಣಗಿದರು. "ನಂಬರ್ ಬರ್ಲಿ, ನಾನ ಒರಿಸಿ ಕೊಡ್ತೀನಿ. ಆಮ್ಯಾಲ ಬೆಂಗಳೂರ ಮಟ ಓಡಿಸ್ಕೊಂಡ ಹೋಗ್ರಿ, ನಾ ಕೇಳೂದಿಲ್ಲ" ಎಂದ.

ಪೂಜೆ ನಿಲ್ಲಿಸಲಿಲ್ಲ. ನಿಲ್ಲಿಸಲು ಆಗುವುದೂ ಇಲ್ಲ. ಬದಲಾದದ್ದು ಎರಡು ವಿಷಯ. ದಾರ, ಎಲೆ, ಹಾರ ಏನಿದ್ದರೂ ಕನ್ನಡಿಯ ಕಡ್ಡಿಗೆ ಕಟ್ಟಬೇಕು. ಮತ್ತು ಬ್ರೇಕು ನೋಡುವುದು ಪೂಜೆಗೆ ಮೊದಲಲ್ಲ, ಪೂಜೆ ಮುಗಿದ ಮೇಲೆ, ಸ್ಟ್ಯಾಂಡು ತೆಗೆಯುವ ಗಳಿಗೆಯಲ್ಲಿ. ಹಿಂದೆ ನಿಂತವನು "ಬ್ರೇಕ್?" ಎಂದು ಕೇಳಬೇಕು. ಮುಂದಿನವನು ಹಿಡಿದು ನೋಡಿ "ಐತಿ" ಎನ್ನಬೇಕು. ಆಮೇಲೆಯೇ ಗಾಲಿ ತಿರುಗಬೇಕು. ಹಿರಿಯರು ಇದನ್ನೂ ಪೂಜೆಯ ಒಂದು ಭಾಗ ಎಂದುಕೊಂಡಿದ್ದಾರೆ. ಮುಕ್ಕುಂದದಿಂದ ಬಂದಿದ್ದ ಒಬ್ಬ ಅಜ್ಜ, "ಐತಿ" ಎಂದ ಕೂಡಲೇ ಕೈಮುಗಿದದ್ದನ್ನು ನಾನೇ ನೋಡಿದ್ದೇನೆ.

ಆಮೇಲೆ ಇನ್ನೆರಡು ವರ್ಷ ಅಲ್ಲಿದ್ದೆ. ಬೇರೆ ತಪ್ಪುಗಳೂ ಆದವು. ಒಮ್ಮೆ ಓರೆ ಸ್ಟ್ಯಾಂಡು ಮಡಚದೆ ಹಗ್ಗ ಬಿಗಿಸಿ ಟಂಟಂನ ತಳದ ತಗಡಿಗೆ ತೂತು ಬಿತ್ತು. ಒಮ್ಮೆ ಮಳೆಯಲ್ಲಿ ಹಲಗೆ ಜಾರಿ ಗಾಡಿಯೊಂದರ ಕನ್ನಡಿ ಹೋಯಿತು. ಯಾರಿಗೂ ಪೆಟ್ಟಾಗಲಿಲ್ಲ. ಅವನ್ನೆಲ್ಲ ಆಯಾ ದಿನವೇ, ಯಾರಿಂದ ಆಯಿತು ಎಂಬುದರ ಸಮೇತ ಬರೆದಿದ್ದೇನೆ. ಬಹಳಷ್ಟು ಕಡೆ ನನ್ನ ಹೆಸರೇ ಇದೆ.

ಹುಲಿಗೆಮ್ಮ ಒಮ್ಮೆ ಗೋಡೌನಿಗೆ ಬಂದಿದ್ದಳು, ಗಂಡನ ಊಟದ ಡಬ್ಬಿ ಹಿಡಿದು. ಜೋಳದ ರೊಟ್ಟಿಯಲ್ಲಿ ಒಂದನ್ನು ಮುರಿದು ನನ್ನ ಕೈಗೂ ಕೊಟ್ಟಳು. ಮೇಡಂ ಎನ್ನಲಿಲ್ಲ. ಆಮೇಲೂ ಎಂದೂ ಅನ್ನಲಿಲ್ಲ.

ನನ್ನ ಜಾಗಕ್ಕೆ ಬರುವವರಿಗೆ ಒಂದು ಮಾತು ಉಳಿದಿದೆ. ಗೋಡೌನಿನ ಚಾವಿ ಹಲಗೆಯಲ್ಲಿ, ಎಡಗಡೆಯ ಮೊದಲ ಮೊಳೆಗೆ ಚಾವಿ ಇರುವುದಿಲ್ಲ. ಅಲ್ಲಿ ಮಾಸಿದ ಒಂದು ದಾರ ತೂಗುತ್ತದೆ. ಅರಿಶಿನದ ಬಣ್ಣ ಈಗ ಹೋಗಿದೆ. ಹುಸೇನಪ್ಪ ಅದನ್ನು ತೂಗುಹಾಕಿ ಗಾಡಿ ಒರೆಸಲು ಹೋಗಿದ್ದ. ಹಳೆಯ ಪೂಜೆಯದು ಎಂದು ನೀವು ಅದನ್ನು ಬಿಸಾಡಬಹುದು. ಬಿಸಾಡಬೇಡಿ. ಅದನ್ನು ಕಟ್ಟಿದವಳು ನಾನು.